ಬೂದು ಬಣ್ಣದ ಜಗಳ

(ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ.)

ಅವರು ವೆಬ್ ಡಿಸೈನರ್, ಮೂವತ್ತರ ಆಸುಪಾಸು. ಎರಡು ತಿಂಗಳಿಂದ ನಿದ್ದೆಯಿಲ್ಲ, ಫೋನ್ ಸದ್ದಾದರೆ ಎದೆ ಧಸಕ್ಕೆನ್ನುತ್ತದೆ ಎಂದು ನನ್ನ ಬಳಿ ಕೌನ್ಸೆಲಿಂಗ್‌ಗೆ ಬಂದಿದ್ದರು. "ಡೆವಲಪರ್ ನನ್ನ ಕೆಲಸ ಹಾಳು ಮಾಡ್ತಾನೆ ಮೇಡಂ. ಕ್ಲೈಂಟ್‌ಗೆ ಎಲ್ಲವೂ ‘ಸಣ್ಣ ಬದಲಾವಣೆ’."

ಏನು ಹಾಳಾಯಿತು ಅಂತ ಕೇಳಿದೆ. ಬಿಳಿ ಪುಟದ ಮೇಲೆ ಅವರು ತಿಳಿ ಬೂದು ಅಕ್ಷರ ಇಟ್ಟಿದ್ದರು. ಡೆವಲಪರ್ ಕಟ್ಟಿದ ಸೈಟ್‌ನಲ್ಲಿ ಅದು ಗಾಢವಾಗಿತ್ತು. ಯಾಕೆ ಅಂತ ಕೇಳಿದ್ರಾ? ಇಲ್ಲ. ಕೇಳಿಕೊಂಡು ಬನ್ನಿ ಅಂದೆ.

ಮುಂದಿನ ವಾರ ಉತ್ತರ ತಂದರು. ದೃಷ್ಟಿ ಮಂದ ಇರುವವರೂ ಸೇರಿ ಎಲ್ಲರಿಗೂ ವೆಬ್ ಪುಟ ಬಳಸಲು ಬರಲಿ ಎಂದು ಮಾಡಿದ ಡಬ್ಲ್ಯುಸಿಎಜಿ ಮಾರ್ಗಸೂಚಿಯಲ್ಲಿ ಮೂರು ಹಂತಗಳಿವೆ. ನಡುವಿನ ಎಎ ಹಂತಕ್ಕೆ ಸಾಮಾನ್ಯ ಗಾತ್ರದ ಅಕ್ಷರಕ್ಕೂ ಹಿನ್ನೆಲೆಗೂ ಕನಿಷ್ಠ 4.5:1 ಕಾಂಟ್ರಾಸ್ಟ್, ಅಂದರೆ ತಿಳಿ-ಗಾಢದ ಅಂತರ, ಬೇಕು. ಅವರ ಬೂದು 3:1 ಕೂಡ ಮುಟ್ಟಿರಲಿಲ್ಲ. ಬದಲಿಸಿದ್ದು ಸರಿಯೇ, ಹೇಳದೆ ಬದಲಿಸಿದ್ದು ತಪ್ಪು.

ಕೆದಕಿದಾಗ ಇನ್ನಷ್ಟು ಬಂತು. ಡಿಸೈನ್ ಕೊಟ್ಟಿದ್ದು 1440 ಪಿಕ್ಸೆಲ್ ಅಗಲದ ಕಂಪ್ಯೂಟರ್ ಪರದೆಗೆ ಮಾತ್ರ. 360 ಪಿಕ್ಸೆಲ್‌ನ ಮೊಬೈಲಲ್ಲಿ ಮೆನು ಎಲ್ಲಿ ಕೂರಬೇಕು, ಹುಡುಕಿದ್ದು ಸಿಗದಿದ್ದರೆ ಪುಟದಲ್ಲಿ ಏನಿರಬೇಕು? ಡೆವಲಪರ್ ಊಹಿಸಿದ್ದ. ಮೂರು ಪದದ ಡಮ್ಮಿ ಶೀರ್ಷಿಕೆಯ ಜಾಗಕ್ಕೆ ಕ್ಲೈಂಟ್ ಎರಡು ಸಾಲು ಕಳಿಸಿದ್ದರು. ಮೂವರೂ ಒಟ್ಟಿಗೆ ಕೂತು ಮಾತಾಡಿದ್ದೇ ಇಲ್ಲ. ಎಲ್ಲ ಮ್ಯಾನೇಜರ್ ಮೂಲಕ. ಮನೆ ಜಗಳಗಳಲ್ಲೂ ನೋಡಿದ್ದೇನೆ, ಮೂರನೆಯವರ ಬಾಯಿಂದ ಬಂದ ಮಾತಿಗೆ ಖಾರ ಒಂದು ಹಿಡಿ ಜಾಸ್ತಿ.

ನನ್ನ ಮೊದಲ ಸಲಹೆ: ಡಿಸೈನ್ ಅರ್ಧ ಆಗಿರುವಾಗಲೇ ಡೆವಲಪರ್ ಪಕ್ಕ ಕೂತು ತೋರಿಸಿ, "ಎಲ್ಲಿ ಕಷ್ಟ ಆಗುತ್ತೆ?" ಅಂತ ಕೇಳಿ.

"ಅರ್ಧಂಬರ್ಧ ತೋರಿಸೋಕೆ ನಾಚಿಕೆ ಆಗುತ್ತೆ" ಎಂದರು.

"ಡಿಸೈನ್‌ನಲ್ಲಿ ತಪ್ಪು ಹುಡುಕಿದರೆ ನಿಮ್ಮಲ್ಲೇ ಹುಡುಕಿದ ಹಾಗೆ, ಅಲ್ವಾ?"

ತುಂಬ ಹೊತ್ತು ಸುಮ್ಮನಿದ್ದರು. ಕಣ್ಣು ತುಂಬಿತು. ಉಳಿದ ಸಮಯ ನಾವು ವೆಬ್‌ಸೈಟ್ ಬಗ್ಗೆ ಮಾತಾಡಲೇ ಇಲ್ಲ.

ಬೇರೆ ಸಲಹೆಗಳು ಸುಲಭದವು. ನಿಜವಾದ ಬರಹ, ಫೋಟೊ ಬಾರದೆ ಪುಟ ಶುರು ಮಾಡಬೇಡಿ. ಕ್ಲೈಂಟ್ ಕಡೆ ಒಪ್ಪಿಗೆ ಕೊಡುವವರು ಒಬ್ಬರೇ ಇರಲಿ. ‘ಸಣ್ಣ ಬದಲಾವಣೆ’ ಬಂದರೆ ತಕ್ಷಣ ಆಯ್ತು ಅನ್ನಬೇಡಿ, ಆಗಲ್ಲ ಅಂತಲೂ ಅನ್ನಬೇಡಿ. ಎಷ್ಟು ದಿನ ಜಾಸ್ತಿ ಬೇಕೆಂದು ಬರೆದು ಕಳಿಸಿ. ರಾತ್ರಿ ಒಂಬತ್ತಾದ ಮೇಲೆ ಕೆಲಸದ ಗ್ರೂಪ್ ಮ್ಯೂಟ್. ಕೊನೆಯದನ್ನು ಪಾಲಿಸಲು ಅವರಿಗೆ ಮೂರು ವಾರ ಹಿಡಿಯಿತು.

ನಾಲ್ಕನೆಯ ಭೇಟಿಯ ಹೊತ್ತಿಗೆ ನಿದ್ದೆ ಬರತೊಡಗಿತ್ತು. ಡೆವಲಪರ್ ತಾನಾಗಿ ಫೋನ್ ಮಾಡಿ, "ಈ ಬಟನ್ ಇಲ್ಲಿ ಯಾಕೆ?" ಅಂತ ಕೇಳಿದನಂತೆ.

"ಸಿಟ್ಟು ಬಂತು ಮೇಡಂ. ಆಮೇಲೆ ನೋಡಿದ್ರೆ, ನನ್ನ ಹತ್ರಾನೂ ಉತ್ತರ ಇರಲಿಲ್ಲ. ಇಬ್ರೂ ಸೇರಿ ಮೇಲಕ್ಕೆ ಹಾಕಿದ್ವಿ."