ಮದುವೆಗೆ ಮುಂಚೆ ಇಡೀ ಸತ್ಯವೇದ ಓದಬೇಕು ಅಂತಿದ್ದೇನೆ, ಎಲ್ಲಿಂದ ಶುರು ಮಾಡಲಿ?

ವಂದನೆ ಸಹೋದರರೇ. ಇನ್ನು ಆರು ತಿಂಗಳಿಗೆ ಮದುವೆ, ಅಷ್ಟರೊಳಗೆ ಸತ್ಯವೇದ ಪೂರ್ತಿ ಓದಿ ಒಬ್ಬ ಕ್ರೈಸ್ತ ಗಂಡಸು ಹೇಗಿರಬೇಕು ಅಂತ ತಿಳಿಯಬೇಕು, ಆದರೆ ಎರಡು ಸಲವೂ ಬಲಿ, ಆಚಾರಗಳ ನಿಯಮಗಳೇ ತುಂಬಿರುವ ಯಾಜಕಕಾಂಡಕ್ಕೆ ಬಂದು ನಿಂತುಹೋಯಿತು ಅಂತ ಬರೆದಿದ್ದೀರಿ. ನನಗೂ ಹಾಗೇ ಆಗಿತ್ತು. ಮದುವೆಯಾಗಿ ಹದಿನಾಲ್ಕು ವರ್ಷವಾಯಿತು, ಇಬ್ಬರು ಮಕ್ಕಳು. ಪೂರ್ತಿ ಓದಿದ್ದು ಮೂರು ಸಲ.

ಮೊದಲು ಲೆಕ್ಕ ನೋಡೋಣ. ನಮ್ಮ ಪ್ರೊಟೆಸ್ಟೆಂಟ್ ಸತ್ಯವೇದದಲ್ಲಿ 66 ಪುಸ್ತಕ, 1189 ಅಧ್ಯಾಯ. (ಕಥೋಲಿಕರಾದರೆ 73 ಪುಸ್ತಕ.) ದಿನಕ್ಕೆ ಮೂರು ನಾಲ್ಕು ಅಧ್ಯಾಯ ಓದಿದರೆ ಒಂದು ವರ್ಷ ಬೇಕು. ಆರು ತಿಂಗಳಿಗೆ ಮುಗಿಸಲು ಆರೇಳು ಓದಬೇಕು. ಅಷ್ಟು ಅವಸರ ಬೇಡ. ಮದುವೆಯ ದಿನಕ್ಕೆ ಅರ್ಧ ಆಗಿದ್ದರೂ ಪರವಾಗಿಲ್ಲ.

ಮತ್ತಾಯನ ಸುವಾರ್ತೆಯಿಂದ, ಅಂದರೆ ಯೇಸುವಿನ ಜೀವನ ಹೇಳುವ ಪುಸ್ತಕದಿಂದ ಶುರು ಮಾಡಿ. ಮೊದಲ ಅಧ್ಯಾಯದಲ್ಲೇ ಯೇಸುವಿನ ತಾಯಿ ಮರಿಯಳ ಗಂಡ ಯೋಸೇಫ ಸಿಗುತ್ತಾನೆ. ಅವನು ಆಡಿದ ಒಂದು ಮಾತೂ ಸುವಾರ್ತೆಗಳಲ್ಲಿ ಬರೆದಿಲ್ಲ. ತನಗೆ ನಿಶ್ಚಯವಾದ ಹುಡುಗಿ ಗರ್ಭಿಣಿ ಅಂತ ಗೊತ್ತಾದಾಗಲೂ ಅವಳನ್ನು ನಾಲ್ಕು ಜನರ ಮುಂದೆ ಅವಮಾನ ಮಾಡಲು ಅವನಿಗೆ ಮನಸ್ಸು ಬರಲಿಲ್ಲ. ದೇವದೂತ ಬಂದು ಹೇಳುವುದಕ್ಕೂ ಮುಂಚಿನ ಮಾತು ಇದು. ಆಮೇಲೆ ತಾಯಿ ಮಗುವನ್ನು ಕರೆದುಕೊಂಡು ರಾತ್ರೋರಾತ್ರಿ ಐಗುಪ್ತಕ್ಕೆ ಹೊರಟ. ಮದುವೆಯಾಗುವ ಹುಡುಗನಿಗೆ ಇದಕ್ಕಿಂತ ಒಳ್ಳೆಯ ಮೊದಲ ಪಾಠ ನನಗೆ ಗೊತ್ತಿಲ್ಲ.

ಸುವಾರ್ತೆ ಮುಗಿದ ಮೇಲೆ ಆದಿಕಾಂಡ, ಅದಾದ ಮೇಲೆ ಸಮುವೇಲನ ಎರಡೂ ಪುಸ್ತಕ. ಇಲ್ಲಿ ಒಂದು ವಿಷಯ ನೆನಪಿಡಿ. ಇಲ್ಲಿ ಬರುವ ಗಂಡಸರೆಲ್ಲ ಮಾದರಿ ಪುರುಷರು ಅಂದುಕೊಂಡು ಓದಿದರೆ ಗೊಂದಲವಾಗುತ್ತದೆ. ಅಬ್ರಹಾಮ ಪ್ರಾಣಭಯಕ್ಕೆ ಹೆಂಡತಿಯನ್ನು ತಂಗಿ ಅಂತ ಹೇಳಿದ, ಅದೂ ಎರಡು ಸಲ. ಮಗ ಇಸಾಕನೂ ಅದನ್ನೇ ಮಾಡಿದ. ಯಾಜಕ ಏಲಿಗೆ ಮಕ್ಕಳ ಅನ್ಯಾಯ ಗೊತ್ತಿತ್ತು, ಆದರೂ ತಡೆಯಲಿಲ್ಲ. ಅರಸ ದಾವೀದನ ಮನೆಯಲ್ಲಿ ಮಗ ಅಮ್ನೋನ ತನ್ನ ಮಲತಂಗಿ ತಾಮಾರಳನ್ನು ಕೆಡಿಸಿದ. ಸುದ್ದಿ ಕೇಳಿ ದಾವೀದನಿಗೆ ಬಹಳ ಕೋಪ ಬಂತು ಅಂತಿದೆ. ಅವನು ಮಗನಿಗೆ ಶಿಕ್ಷೆ ಕೊಟ್ಟ ಅಂತಾಗಲಿ, ಮಗಳ ಹತ್ತಿರ ಹೋಗಿ ಕೂತ ಅಂತಾಗಲಿ ಎಲ್ಲೂ ಇಲ್ಲ. ಎರಡು ವರ್ಷದ ಮೇಲೆ ತಾಮಾರಳ ಒಡಹುಟ್ಟಿದ ಅಣ್ಣ ಅಬ್ಷಾಲೋಮ ಆ ಅಮ್ನೋನನನ್ನು ಕೊಲ್ಲಿಸಿದ. ಇನ್ನೊಬ್ಬ ಮಗ ಅದೋನೀಯನ ಬಗ್ಗೆ, 'ನೀನು ಯಾಕೆ ಹೀಗೆ ಮಾಡಿದೆ' ಅಂತ ತಂದೆ ಅವನನ್ನು ಯಾವತ್ತೂ ಕೇಳಿರಲಿಲ್ಲ ಅಂತ 1 ಅರಸುಗಳಲ್ಲಿ ಬರೆದಿದೆ. ಗೊಲ್ಯಾತನನ್ನು ಹೊಡೆದ ದಾವೀದನ ಕಥೆ ಭಾನುವಾರದ ಶಾಲೆಯಲ್ಲಿ ಎಲ್ಲರಿಗೂ ಹೇಳುತ್ತಾರೆ. ಅಪ್ಪನಾಗಿ ಸೋತ ದಾವೀದನನ್ನು ನಾನು ಕಂಡಿದ್ದು ಪೂರ್ತಿ ಓದಿದಾಗಲೇ.

ಹಾಗಾಗಿ ಬಿಡಿ ವಚನ ಆರಿಸಿಕೊಂಡು ಓದಬೇಡಿ. ಎಫೆಸದವರಿಗೆ ಬರೆದ ಪತ್ರದ 5ನೇ ಅಧ್ಯಾಯದಲ್ಲಿ ಹೆಂಡತಿ ಗಂಡನಿಗೆ ಅಧೀನಳಾಗಿರಬೇಕು ಅನ್ನುವ ವಚನ ನಮ್ಮ ಗಂಡಸರಿಗೆಲ್ಲ ಬಾಯಿಪಾಠ. ಅದಕ್ಕಿಂತ ಒಂದು ವಚನ ಹಿಂದೆ, ಒಬ್ಬರಿಗೊಬ್ಬರು ಅಧೀನರಾಗಿರಿ ಅಂತಿದೆ. ಮುಂದೆ 25ರಿಂದ ಗಂಡಂದಿರಿಗೆ ಹೇಳಿದ್ದೇ ಜಾಸ್ತಿ. ಕ್ರಿಸ್ತನು ಸಭೆಗಾಗಿ, ಅಂದರೆ ತನ್ನನ್ನು ನಂಬಿದವರಿಗಾಗಿ, ಪ್ರಾಣ ಕೊಟ್ಟ ಹಾಗೆ ಹೆಂಡತಿಯನ್ನು ಪ್ರೀತಿಸಬೇಕಂತೆ. ಮದುವೆಯಾದ ಹೊಸದರಲ್ಲಿ ಒಂದು ಜಗಳದಲ್ಲಿ ಆ ಮೊದಲನೇ ವಚನವನ್ನು ನನ್ನ ಹೆಂಡತಿಗೆ ಹೇಳಿದ್ದೆ. ಅವಳು ಏನೂ ಮಾತಾಡದೆ ಒಳಗೆ ಹೋದಳು. ಅದು ತಪ್ಪು ಅಂತ ತಿಳಿಯಲು ನನಗೆ ವರ್ಷಗಳೇ ಬೇಕಾದವು.

ಜ್ಞಾನೋಕ್ತಿಗಳ 31ನೇ ಅಧ್ಯಾಯವೂ ಹಾಗೇ. ಗುಣವತಿಯಾದ ಹೆಂಡತಿ ಹೇಗಿರಬೇಕು ಅಂತ ಹುಡುಗಿಯರಿಗೆ ಅದನ್ನು ಓದಿ ಹೇಳುತ್ತಾರೆ. ಆದರೆ ಅಧ್ಯಾಯ ಶುರುವಾಗುವುದು ಒಬ್ಬ ತಾಯಿ ತನ್ನ ಮಗ, ಅರಸ ಲೆಮೂವೇಲನಿಗೆ ಹೇಳಿದ ಬುದ್ಧಿಮಾತಿನಿಂದ. ಹೆಂಗಸರ ಹಿಂದೆ ಹೋಗಿ ಶಕ್ತಿ ಕಳೆದುಕೊಳ್ಳಬೇಡ, ಕುಡಿಯಬೇಡ, ಬಾಯಿಲ್ಲದವರ ಪರವಾಗಿ ಮಾತಾಡು ಅನ್ನುತ್ತಾಳೆ. ಹೆಂಡತಿಯ ಗುಣ ಅಳೆಯುವ ಮುಂಚೆ ಆ ಒಂಬತ್ತು ವಚನ ನೀವು ಓದಿ. ಜ್ಞಾನೋಕ್ತಿಗಳಲ್ಲಿ 31 ಅಧ್ಯಾಯ ಇದೆ, ತಾರೀಖು ನೋಡಿ ದಿನಕ್ಕೊಂದು ಓದಬಹುದು.

ಯಾಜಕಕಾಂಡವನ್ನು ಕೊನೆಗೆ ಇಟ್ಟುಕೊಳ್ಳಿ, ಆದರೆ ಬಿಡಬೇಡಿ. ನಾನು ಸಣ್ಣ ಪುಟ್ಟ ಮನೆ ಕಟ್ಟಿಸುವ ಕಾಂಟ್ರಾಕ್ಟ್ ಮಾಡುತ್ತೇನೆ. ಶನಿವಾರ ಬಟವಾಡೆ. ಕೈಯಲ್ಲಿ ದುಡ್ಡಿದ್ದರೂ 'ಸೋಮವಾರ ಬನ್ನಿ' ಅನ್ನುವ ಅಭ್ಯಾಸ ನನಗಿತ್ತು. ಎರಡನೇ ಸಲ ಓದುವಾಗ 19ನೇ ಅಧ್ಯಾಯದ 13ನೇ ವಚನ ಕಣ್ಣಿಗೆ ಬಿತ್ತು. ಕೂಲಿಯವನ ಕೂಲಿಯನ್ನು ಬೆಳಗಿನ ತನಕ ನಿನ್ನ ಹತ್ತಿರ ಇಟ್ಟುಕೊಳ್ಳಬೇಡ ಅಂತ. ಆ ರಾತ್ರಿ ಸರಿಯಾಗಿ ನಿದ್ದೆ ಬರಲಿಲ್ಲ. ಮುಂದಿನ ಶನಿವಾರದಿಂದ ಸಂಜೆ ಆರರ ಒಳಗೆ ಎಲ್ಲರ ಲೆಕ್ಕ ಚುಕ್ತಾ ಮಾಡುತ್ತಿದ್ದೇನೆ. ಗಂಡಸಿನ ಬಗ್ಗೆ ಬರೆದದ್ದು ಮದುವೆಯ ವಚನಗಳಲ್ಲಿ ಮಾತ್ರ ಇಲ್ಲ, ಅಲ್ವಾ?

ಓದುವಾಗ ಪಕ್ಕದಲ್ಲಿ ಒಂದು ನೋಟ್‌ಬುಕ್ ಇರಲಿ. ಅರ್ಥವಾಗದ್ದನ್ನು ಬರೆದಿಟ್ಟು ಪಾಸ್ಟರನ್ನು ಕೇಳಿ, ಸುಮ್ನೆ ಅಲ್ಲೇ ನಿಲ್ಲಬೇಡಿ. ರೂತಳ ಪುಸ್ತಕವನ್ನು ಮಾತ್ರ ಈಗ ಓದಬೇಡಿ, ಮದುವೆಯಾದ ಮೇಲೆ ಓದಿ. ಅದರಲ್ಲಿರುವುದು ನಾಲ್ಕೇ ಅಧ್ಯಾಯ. ಊಟವಾದ ಮೇಲೆ ಇಬ್ಬರೂ ಕೂತು, ಒಂದು ಅಧ್ಯಾಯ ಅವರು ಓದಲಿ, ಒಂದು ನೀವು ಓದಿ.