1968ರ ಕ್ಯಾಮರೊಗೆ ಹೊಸ ಲೀಫ್ ಸ್ಪ್ರಿಂಗ್ ಹಾಕಿದ ಮೇಲೆ ಹಿಂಭಾಗ 2 ಇಂಚು ಮೇಲೆದ್ದಿದೆ. ಲೋಯರಿಂಗ್ ಬ್ಲಾಕ್ ಹಾಕಲೇಬೇಕಾ?

ಬೇರೆಯವರೂ ಓದುತ್ತಾರೆ, ಹಾಗಾಗಿ ನೀವು ಕೇಳಿದ್ದನ್ನು ಮೊದಲು ಚುಟುಕಾಗಿ ಹೇಳಿಬಿಡುತ್ತೇನೆ. ನಿಮ್ಮದು 1968ರ ಷೆವರ್ಲೆ ಕ್ಯಾಮರೊ ಕಾರು. ಕಂಪನಿಯಿಂದ ಬಂದಾಗ 327 ಘನ ಇಂಚಿನ ಎಂಜಿನ್, ಹಿಂದೆ ಎರಡೂ ಕಡೆ ಒಂದೊಂದೇ ಬಾಗಿದ ಉಕ್ಕಿನ ಪಟ್ಟಿಯ ಮೋನೋ ಲೀಫ್ ಸ್ಪ್ರಿಂಗ್. ಹಿಂದಿನ ಮಾಲೀಕರು ಆ ಎಂಜಿನ್ ತೆಗೆದು ಇನ್ನೂ ಜಾಸ್ತಿ ತಾಕತ್ತಿನದು ಕೂರಿಸಿದ್ದಾರೆ. ಸಿಗ್ನಲ್‌ನಲ್ಲಿ ಜೋರಾಗಿ ಎತ್ತಿಕೊಂಡರೆ ಹಿಂದಿನ ಚಕ್ರಗಳು ದಡದಡ ಕುಣಿಯುತ್ತಿದ್ದವು. ಅದಕ್ಕೆ ಐದು ಪಟ್ಟಿಯ ಆಫ್ಟರ್‌ಮಾರ್ಕೆಟ್ (ಹೊರಗಿನ ಕಂಪನಿಗಳು ಮಾಡುವ) ಸೆಟ್ ತರಿಸಿ ನೀವೇ ಹಾಕಿದಿರಿ. ಕುಣಿತ ಕಡಿಮೆಯಾಗಿದೆ, ಆದರೆ ಹಿಂಭಾಗ 2 ಇಂಚು ಎತ್ತರ ಕಾಣುತ್ತಿದೆ, ಗಾಡಿ ಗಡುಸಾಗಿದೆ. ಆಕ್ಸಲ್‌ಗೂ ಸ್ಪ್ರಿಂಗ್‌ಗೂ ನಡುವೆ ಲೋಹದ ತುಂಡು, ಅಂದರೆ ಲೋಯರಿಂಗ್ ಬ್ಲಾಕ್ ಹಾಕಿ ಇಳಿಸು ಅಂತ ಗೆಳೆಯರು ಹೇಳುತ್ತಿದ್ದಾರೆ.

ಬ್ಲಾಕ್ ಈಗಲೇ ಬೇಡ. ನೀವು ಬರೆದದ್ದರಲ್ಲೇ ಒಂದು ಮಾತಿದೆ: ಆಕ್ಸಲ್ ಕೆಳಗೆ ಇಳಿಬಿಟ್ಟುಕೊಂಡು ಎಲ್ಲ ಬೋಲ್ಟುಗಳನ್ನೂ ಪೂರ್ತಿ ಟೈಟ್ ಮಾಡಿ, ಆಮೇಲೆ ಗಾಡಿಯನ್ನು ನೆಲಕ್ಕೆ ಇಳಿಸಿದಿರಿ. ಅರ್ಧ ಉತ್ತರ ಅಲ್ಲೇ ಇದೆ ಅನಿಸುತ್ತದೆ.

ನಾನಿರುವುದು ಅಮೆರಿಕದ ಸಿನ್ಸಿನಾಟಿ ಹತ್ತಿರ. ನನ್ನ 1969ರ ಕ್ಯಾಮರೊ ತಯಾರಾಗಿದ್ದೂ ಇಲ್ಲೇ ಪಕ್ಕದ ನಾರ್ವುಡ್ ಕಾರ್ಖಾನೆಯಲ್ಲಿ. 1987ರಲ್ಲಿ ಆ ಕಾರ್ಖಾನೆ ಮುಚ್ಚಿತು, ಆದರೆ ಈ ಕಡೆ ಹಳೇ ಕ್ಯಾಮರೊ ಇಟ್ಟುಕೊಂಡವರು ಇನ್ನೂ ಸಿಗುತ್ತಾರೆ. ಅವರ ಗಾಡಿಗಳಿಗೂ ಸ್ಪ್ರಿಂಗ್ ಹಾಕುವಾಗ ಕೈಜೋಡಿಸಿದ್ದೇನೆ. ‘ಹೊಸ ಸ್ಪ್ರಿಂಗ್, ಎತ್ತರ ಜಾಸ್ತಿ’ ಅನ್ನುವ ದೂರು ಬಂದಾಗಲೆಲ್ಲ ನಾನು ಮೊದಲು ನೋಡುವುದು ಬುಷ್‌ಗಳನ್ನು.

ಮುಂದಿನ ಕಣ್ಣಿನಲ್ಲಿ, ಅಂದರೆ ಸ್ಪ್ರಿಂಗ್‌ನ ಮುಂತುದಿ ಸುರುಳಿ ಸುತ್ತಿದ ಜಾಗದಲ್ಲಿ, ಒಂದು ರಬ್ಬರ್ ಬುಷ್ ಇರುತ್ತದೆ. ಅದರ ನಡುವೆ ಉಕ್ಕಿನ ಸ್ಲೀವ್, ಅಂದರೆ ಸಣ್ಣ ಕೊಳವೆ. ಬೋಲ್ಟ್ ಟೈಟ್ ಮಾಡಿದಾಗ ಆ ಸ್ಲೀವ್ ಬಾಡಿಗೆ ಕೂತ ಬ್ರ್ಯಾಕೆಟ್‌ಗೆ ಅಂಟಿಕೊಂಡು ನಿಲ್ಲುತ್ತದೆ, ಆಮೇಲೆ ತಿರುಗುವುದಿಲ್ಲ. ಚಕ್ರ ಮೇಲೆ ಕೆಳಗೆ ಆಡುವಾಗ ತಿರುಚಿಕೊಳ್ಳುವುದು ರಬ್ಬರ್ ಮಾತ್ರ. ಅದನ್ನು ಮಾಡಿರುವುದೇ ಹಾಗೆ. ಗಾಡಿ ತನ್ನ ಮಾಮೂಲಿ ಎತ್ತರದಲ್ಲಿ ನಿಂತಾಗ ರಬ್ಬರ್ ಆರಾಮಾಗಿರಬೇಕು, ಅಲ್ಲಿಂದ ಎರಡೂ ದಿಕ್ಕಿಗೆ ಒಂದಿಷ್ಟು ತಿರುಚಿ ವಾಪಸ್ ಬರಬೇಕು.

ಆಕ್ಸಲ್ ನೇತಾಡುತ್ತಿರುವಾಗ ಬೋಲ್ಟ್ ಬಿಗಿದರೆ ರಬ್ಬರ್ ಆರಾಮಾಗಿರುವುದು ಆ ನೇತಾಡುವ ಸ್ಥಿತಿಯಲ್ಲಿ. ಗಾಡಿಯ ಭಾರ ಬಿದ್ದ ಕೂಡಲೇ ಒದ್ದೆ ಬಟ್ಟೆ ಹಿಂಡಿದ ಹಾಗೆ ಅದು ತಿರುಚಿಕೊಂಡು ಕೂರುತ್ತದೆ. ನಿಂತಾಗಲೂ, ಓಡುವಾಗಲೂ ಗಾಡಿಯನ್ನು ಮೇಲಕ್ಕೆ ತಳ್ಳುತ್ತಲೇ ಇರುತ್ತದೆ. ಅದಕ್ಕೇ ಎತ್ತರ, ಅದಕ್ಕೇ ಗಡುಸು. ಹೀಗೇ ಓಡಿಸಿದರೆ ರಬ್ಬರ್ ಬೇಗ ಹರಿದುಹೋಗುತ್ತದೆ.

ಈಗ ಮಾಡಬೇಕಾದ್ದು ಇಷ್ಟು. ಗಾಡಿಯ ಪೂರ್ತಿ ಭಾರ ಚಕ್ರದ ಮೇಲೆ ಇರಬೇಕು, ಕೆಳಗೆ ಕೈಹಾಕಲೂ ಜಾಗ ಬೇಕು. ನಾಲ್ಕು ರ‍್ಯಾಂಪ್ ಇದ್ದರೆ ತುಂಬಾ ಒಳ್ಳೆಯದು. ಇಲ್ಲದಿದ್ದರೆ ಹಿಂದೆ ಜ್ಯಾಕ್ ಸ್ಟ್ಯಾಂಡ್‌ಗಳನ್ನು ಆಕ್ಸಲ್ ಟ್ಯೂಬ್ ಕೆಳಗೆ ಕೊಡಿ, ಬಾಡಿ ಕೆಳಗೆ ಬೇಡ. ಮುಂಭಾಗವನ್ನೂ ಅಷ್ಟೇ ಎತ್ತರಕ್ಕೆ ತನ್ನಿ. ಮುಂದಿನ ಕಣ್ಣು ಮತ್ತು ಅದರ ಬ್ರ್ಯಾಕೆಟ್ ಎರಡರ ಮೇಲೂ ಹಾದುಹೋಗುವ ಹಾಗೆ ಸೀಮೆಸುಣ್ಣದಲ್ಲಿ ಒಂದು ಗೆರೆ ಎಳೆಯಿರಿ. ಕಣ್ಣಿನ ಬೋಲ್ಟಿನ ನಟ್ಟನ್ನು ಸಡಿಲ ಮಾಡಿ, ಪೂರ್ತಿ ಬಿಚ್ಚಬೇಡಿ. ಸ್ಪ್ರಿಂಗ್‌ನ ಹಿಂತುದಿಯನ್ನು ಬಾಡಿಗೆ ಜೋಡಿಸುವ ಶ್ಯಾಕಲ್‌ನ ಮೇಲಿನ, ಕೆಳಗಿನ ನಟ್ಟುಗಳನ್ನೂ ಹಾಗೇ ಸಡಿಲಿಸಿ. ಆಮೇಲೆ ಕೆಳಗಿನಿಂದ ಹೊರಗೆ ಬಂದು, ಡಿಕ್ಕಿ ಹತ್ತಿರ ನಿಂತು ಗಾಡಿಯನ್ನು ಕೆಲವು ಸಲ ಒತ್ತಿ ಬಿಡಿ. ಸ್ಟ್ಯಾಂಡ್ ಮೇಲಿದ್ದರೆ ಮೆಲ್ಲಗೆ ಒತ್ತಿ, ಅಲುಗಾಡಿಸಬೇಡಿ. ಮತ್ತೆ ಹೋಗಿ ಗೆರೆ ನೋಡಿ. ಬುಷ್ ತಿರುಚಿಕೊಂಡಿದ್ದರೆ ಒಂದೇ ಗೆರೆ ಎರಡು ತುಂಡಾಗಿ ಪಕ್ಕಕ್ಕೆ ಸರಿದಿರುತ್ತದೆ. ಅದೇ ಸ್ಥಿತಿಯಲ್ಲಿ, ಭಾರ ಇರುವಾಗಲೇ, ನಿಮ್ಮ ವರ್ಷದ ಷೆವರ್ಲೆ ಸರ್ವಿಸ್ ಮ್ಯಾನುಯಲ್‌ನಲ್ಲಿ ಕೊಟ್ಟ ಟಾರ್ಕ್‌ಗೆ ಬಿಗಿ ಮಾಡಿ.

ನಿಮ್ಮ ಸೆಟ್‌ನಲ್ಲಿ ರಬ್ಬರ್ ಬದಲು ಪಾಲಿಯುರೆಥೇನ್ ಬುಷ್ ಬಂದಿದ್ದರೆ ಕಥೆ ಬೇರೆ. ಅದು ಸ್ಲೀವ್ ಸುತ್ತ ತಿರುಗುತ್ತದೆ, ಹಾಗಾಗಿ ಎತ್ತರಕ್ಕೆ ಅಷ್ಟು ಕಾಟ ಕೊಡುವುದಿಲ್ಲ. ಆದರೆ ಅದರ ಜೊತೆ ಕೊಟ್ಟ ಗ್ರೀಸ್ ಹಾಕದಿದ್ದರೆ ಕಿರ್ರ್ ಅನ್ನುತ್ತದೆ. ರಬ್ಬರ್ ಬುಷ್‌ಗೆ ಮಾತ್ರ ಮಾಮೂಲಿ ಗ್ರೀಸ್ ಮುಟ್ಟಿಸಬೇಡಿ, ಉಬ್ಬಿ ಹಾಳಾಗುತ್ತದೆ. ಬೀದಿಯಲ್ಲಿ ಓಡಿಸುವ ಗಾಡಿಗೆ ನನ್ನ ಮತ ರಬ್ಬರ್‌ಗೇ. ತಿರುವಿನಲ್ಲಿ ಗಾಡಿ ವಾಲಿದಾಗ ಸ್ಪ್ರಿಂಗ್‌ನ ಕಣ್ಣು ಅಡ್ಡಡ್ಡಕ್ಕೂ ಸ್ವಲ್ಪ ತಿರುಚಬೇಕು. ರಬ್ಬರ್ ಅದಕ್ಕೆ ಬಿಟ್ಟುಕೊಡುತ್ತದೆ, ಪಾಲಿ ಅಷ್ಟು ಸುಲಭವಾಗಿ ಬಿಡುವುದಿಲ್ಲ.

ಇನ್ನು ಆ ‘2 ಇಂಚು’ ವಿಷಯ. ಯಾವುದಕ್ಕಿಂತ 2 ಇಂಚು? ನೀವು ಹೋಲಿಸುತ್ತಿರುವುದು ಐವತ್ತು ವರ್ಷ ದಾಟಿದ, ಬಾಗು ಕಳೆದುಕೊಂಡು ಕುಸಿದ ಒಂಟಿ ಪಟ್ಟಿಯ ಜೊತೆ. ಆ ಎತ್ತರಕ್ಕೆ ನಿಮ್ಮ ಕಣ್ಣು ಒಗ್ಗಿಹೋಗಿದೆ. ಗಾಡಿ ಹೊಸದಾಗಿದ್ದಾಗ ಅಷ್ಟು ತಗ್ಗಿರಲಿಲ್ಲ. ಕಂಪನಿ ಎತ್ತರ, 1 ಇಂಚು ಕಡಿಮೆ, 2 ಇಂಚು ಕಡಿಮೆ ಹೀಗೆ ಬೇರೆ ಬೇರೆ ಸೆಟ್‌ಗಳು ಮಾರ್ಕೆಟ್‌ನಲ್ಲಿ ಸಿಗುತ್ತವೆ. ಪೆಟ್ಟಿಗೆಯ ಮೇಲಿನ ಪಾರ್ಟ್ ನಂಬರ್ ನೋಡಿ ನೀವು ತರಿಸಿದ್ದು ಯಾವುದು ಅಂತ ಖಚಿತ ಮಾಡಿಕೊಳ್ಳಿ. ಹೊಸ ಸ್ಪ್ರಿಂಗ್ ಕೆಲವು ನೂರು ಮೈಲಿ ಓಡಿದ ಮೇಲೆ ತಾನಾಗಿಯೇ ಸ್ವಲ್ಪ ಕೂರುತ್ತದೆ ಕೂಡ. ಅದಕ್ಕೂ ಮೊದಲೇ ಎತ್ತರದ ಬಗ್ಗೆ ತೀರ್ಮಾನ ಮಾಡುವುದು ದುಡುಕು.

ಅಳೆಯುವಾಗ ನೆಲದಿಂದ ಅಳೆಯಬೇಡಿ, ಟೈರ್ ಗಾಳಿ ಹೆಚ್ಚುಕಮ್ಮಿ ಆದರೆ ಅಳತೆಯೂ ಬದಲಾಗುತ್ತದೆ. ಚಕ್ರದ ನಟ್ಟನಡುವಿನಿಂದ ಮೇಲಿನ ಫೆಂಡರ್ ಅಂಚಿನವರೆಗೆ ಅಳೆದು ಬರೆದಿಡಿ, ಎರಡೂ ಕಡೆ.

ಬ್ಲಾಕ್ ಬೇಡ ಅಂತ ಇಷ್ಟು ಒತ್ತಿ ಹೇಳುವುದಕ್ಕೆ ಕಾರಣ ಇದೆ. ನೀವು ಐದು ಪಟ್ಟಿ ಹಾಕಿಸಿದ್ದೇ ಚಕ್ರದ ಕುಣಿತ ನಿಲ್ಲಿಸಲು, ಅಲ್ವಾ? ಈ ಗಾಡಿಯಲ್ಲಿ ಆಕ್ಸಲನ್ನು ಹಿಂದೆ ಮುಂದೆ ಹೋಗದಂತೆ, ತಿರುಗದಂತೆ ಹಿಡಿಯುವ ಬೇರೆ ಸರಳುಗಳಿಲ್ಲ. ಭಾರ ಹೊರುವ ಸ್ಪ್ರಿಂಗೇ ಆಕ್ಸಲನ್ನೂ ಹಿಡಿಯಬೇಕು. ಅದೇ ಕಾಲದ ಷೆವೆಲ್, ಜಿಟಿಓ ಗಾಡಿಗಳಲ್ಲಿ ಹಿಂದೆ ಕಾಯಿಲ್ ಸ್ಪ್ರಿಂಗ್, ಆಕ್ಸಲ್ ಹಿಡಿಯಲು ಬೇರೆ ಆರ್ಮ್‌ಗಳು. ಕ್ಯಾಮರೊ, ನೋವಾ, ಮಸ್ಟಾಂಗ್, ಕ್ರೈಸ್ಲರ್ ಗುಂಪಿನ ಗಾಡಿಗಳಲ್ಲಿ ಎಲ್ಲ ಕೆಲಸವೂ ಈ ಪಟ್ಟಿಗಳದ್ದೇ.

ಎಂಜಿನ್ ಜೋರಾಗಿ ಎಳೆದಾಗ ಚಕ್ರ ಮುಂದಕ್ಕೆ ತಿರುಗುತ್ತದೆ, ಆಕ್ಸಲ್ ಅದಕ್ಕೆ ವಿರುದ್ಧವಾಗಿ ತಿರುಗಿ ತನ್ನ ಮೂತಿಯನ್ನು, ಅಂದರೆ ಪ್ರೊಪೆಲ್ಲರ್ ಶಾಫ್ಟ್ ಬಂದು ಸೇರುವ ಮುಂಭಾಗವನ್ನು, ಮೇಲೆತ್ತುತ್ತದೆ. ಆಗ ಸ್ಪ್ರಿಂಗ್ ಹಾವಿನ ಹಾಗೆ ಎರಡು ಕಡೆ ಬಾಗುತ್ತದೆ. ಒಂದು ಹಂತದಲ್ಲಿ ಟೈರಿನ ಹಿಡಿತ ತಪ್ಪುತ್ತದೆ, ಬಾಗಿದ ಪಟ್ಟಿ ಪಟ್ಟನೆ ವಾಪಸ್ ಬರುತ್ತದೆ, ಟೈರ್ ಮತ್ತೆ ಹಿಡಿಯುತ್ತದೆ, ಮತ್ತೆ ಬಾಗುತ್ತದೆ. ವೀಲ್ ಹಾಪ್ ಅನ್ನುವುದು ಇದನ್ನೇ. 1967ರ ಕ್ಯಾಮರೊಗಳೆಲ್ಲ ಒಂಟಿ ಪಟ್ಟಿಯವೇ, ಈ ತೊಂದರೆಗೆ ಆಗಲೇ ಹೆಸರಾಗಿದ್ದವು. ಹಾಗಾಗಿ 1968ರಲ್ಲಿ ಹಿಂದಿನ ಶಾಕ್ ಅಬ್ಸಾರ್ಬರ್‌ಗಳಲ್ಲಿ ಒಂದನ್ನು ಆಕ್ಸಲ್‌ನ ಮುಂದೆ, ಇನ್ನೊಂದನ್ನು ಹಿಂದೆ ಕೂರಿಸಿದರು. ತಾಕತ್ತು ಜಾಸ್ತಿ ಇದ್ದ ಮಾಡೆಲ್‌ಗಳಿಗೆ ಹಲವು ಪಟ್ಟಿಯ ಸ್ಪ್ರಿಂಗ್ ಕೊಟ್ಟರು. ನಿಮ್ಮ ಗಾಡಿ ಕೆಳಗೆ ಇಣುಕಿದರೆ ಶಾಕ್‌ಗಳ ಆ ಅಡ್ಡಾದಿಡ್ಡಿ ಜೋಡಣೆ ಕಾಣುತ್ತದೆ.

ಬ್ಲಾಕ್ ಹಾಕಿದರೆ ಆಕ್ಸಲ್‌ಗೂ ಸ್ಪ್ರಿಂಗ್‌ಗೂ ನಡುವೆ ದೂರ ಹೆಚ್ಚುತ್ತದೆ. ಪಟ್ಟಿಯನ್ನು ಬಾಗಿಸಲು ಆಕ್ಸಲ್‌ಗೆ ಇನ್ನಷ್ಟು ಉದ್ದದ ಸನ್ನೆ ಕೊಟ್ಟಂತಾಗುತ್ತದೆ. ದುಡ್ಡು ಕೊಟ್ಟು ಕಡಿಮೆ ಮಾಡಿಕೊಂಡ ಕುಣಿತವನ್ನು ಮತ್ತೆ ಕರೆದುಕೊಂಡು ಬರುವುದು ಯಾಕೆ? ಬುಷ್ ಸರಿಮಾಡಿ, ಒಂದಿಷ್ಟು ಓಡಿಸಿದ ಮೇಲೂ ಎತ್ತರ ಇಳಿಯದಿದ್ದರೆ ಸರಿಯಾದ ಬಾಗಿನ ಸೆಟ್‌ಗೆ ಬದಲಾಯಿಸಿಕೊಳ್ಳಿ, ಅಥವಾ ಲಾರಿ ಸ್ಪ್ರಿಂಗ್ ಕೆಲಸ ಮಾಡುವ ಒಳ್ಳೆ ಅಂಗಡಿಯಲ್ಲಿ ಬಾಗು ಕಡಿಮೆ ಮಾಡಿಸಿ.

ಹೇಗೂ ಗಾಡಿ ಕೆಳಗೆ ಹೋಗುತ್ತೀರಿ, ಇನ್ನು ಕೆಲವನ್ನೂ ನೋಡಿಕೊಳ್ಳಿ.

ಮೊದಲನೆಯದು ಕೆಳಗಿನ ಪ್ಲೇಟು, ಶಾಕ್ ಕೂರುವ ಪ್ಲೇಟು. ಒಂಟಿ ಪಟ್ಟಿಯ ಪ್ಲೇಟು ಐದು ಪಟ್ಟಿಯ ದಪ್ಪ ಕಟ್ಟಿಗೆ ಸರಿಹೋಗುವುದಿಲ್ಲ. ಮಲ್ಟಿ ಲೀಫ್‌ನ ಪ್ಲೇಟು, ಅದಕ್ಕೆ ತಕ್ಕ ರಬ್ಬರ್ ಪ್ಯಾಡ್, ಉದ್ದದ ಬೋಲ್ಟುಗಳು ಬೇಕು. ಹಳೇ ಪ್ಲೇಟನ್ನೇ ಹಾಕಿದ್ದೇನೆ ಅಂತ ನೀವು ಬರೆದಿಲ್ಲ, ಹೊಸದು ಹಾಕಿದ್ದೇನೆ ಅಂತಲೂ ಬರೆದಿಲ್ಲ. ಒಮ್ಮೆ ಖಾತ್ರಿ ಮಾಡಿಕೊಳ್ಳಿ. ಬಿಚ್ಚಿದ ಹಳೇ ಬೋಲ್ಟುಗಳನ್ನು ಮತ್ತೆ ಬಳಸಬೇಡಿ, ಹೊಸದು ತನ್ನಿ.

ಎರಡನೆಯದು ಸೆಂಟರ್ ಪಿನ್. ಪಟ್ಟಿಗಳನ್ನು ಕಟ್ಟಿಹಿಡಿಯುವ ಬೋಲ್ಟಿನ ಗುಂಡು ತಲೆ ಆಕ್ಸಲ್ ಮೇಲೆ ವೆಲ್ಡ್ ಆಗಿರುವ ಪೀಠದ ತೂತಿನೊಳಗೆ ಹೋಗಿ ಕೂರಬೇಕು. ಆಕ್ಸಲ್ ಜಾಗ ನಿರ್ಧಾರವಾಗುವುದೇ ಆ ತೂತಿನಲ್ಲಿ. ನಾನು ಸ್ಪ್ರಿಂಗ್ ಹಾಕುವಾಗ ಆಕ್ಸಲನ್ನು ಜ್ಯಾಕ್ ಮೇಲೆ ಇಟ್ಟುಕೊಂಡು ಕೂದಲೆಳೆಯಷ್ಟೇ ಇಳಿಸುತ್ತೇನೆ, ಪಕ್ಕದಿಂದ ಟಾರ್ಚ್ ಬಿಟ್ಟು ನೋಡುತ್ತೇನೆ. ಪಿನ್ ತೂತಿಗೆ ನೇರ ಬಂದಿದ್ದರೆ ಆಕ್ಸಲ್ ಸದ್ದಿಲ್ಲದೆ ಇಳಿದು ಪ್ಯಾಡ್ ಸುತ್ತಲೂ ಒಂದೇ ಸಮ ಒತ್ತಿಕೊಳ್ಳುತ್ತದೆ. ಪಿನ್ ತೂತಿನ ಅಂಚಿನ ಮೇಲೆ ನಿಂತಿದ್ದರೆ ಪ್ಯಾಡ್‌ನ ಒಂದು ಕಡೆ ಸಣ್ಣ ಸಂದು ಉಳಿಯುತ್ತದೆ. ಆಗ ಬೋಲ್ಟ್ ಬಿಗಿದು ಎಳೆದುಕೊಳ್ಳೋಣ ಅನ್ನುವ ಆಸೆ ಬೇಡ. ಮತ್ತೆ ಎತ್ತಿ, ಆಕ್ಸಲನ್ನು ಸ್ವಲ್ಪ ಹಿಂದೆ ಮುಂದೆ ಸರಿಸಿ, ಮತ್ತೆ ಇಳಿಸಬೇಕು. ಕೆಲವು ಆಫ್ಟರ್‌ಮಾರ್ಕೆಟ್ ಸೆಟ್‌ಗಳ ಪಿನ್ ತಲೆ ತೂತಿಗಿಂತ ಸಣ್ಣದಿರುತ್ತದೆ. ಅದೂ ಒಳ್ಳೆಯದಲ್ಲ, ಆಕ್ಸಲ್ ಜರುಗುತ್ತದೆ. ಅದಕ್ಕೆ ಬಳೆ ಹಾಕಿ ತೂತಿಗೆ ಸರಿಯಾಗಿ ಕೂರುವಂತೆ ಮಾಡಿ. ಎಲ್ಲ ಬಿಗಿಯಾದ ಮೇಲೆ ಮುಂದಿನ ಕಣ್ಣಿನ ಬೋಲ್ಟಿನಿಂದ ಆಕ್ಸಲ್ ಟ್ಯೂಬ್‌ವರೆಗೆ ಎರಡೂ ಕಡೆ ಅಳೆದರೆ ಆಕ್ಸಲ್ ನೇರ ಕೂತಿದೆಯಾ ಇಲ್ಲವಾ ಗೊತ್ತಾಗುತ್ತದೆ.

ಮುಂದಿನ ಬ್ರ್ಯಾಕೆಟ್ ಬಾಡಿಗೆ ಕೂರುವ ಬೋಲ್ಟುಗಳು ನಮ್ಮ ಕಡೆ ದೊಡ್ಡ ತಲೆನೋವು. ಚಳಿಗಾಲದಲ್ಲಿ ರಸ್ತೆಗೆ ಉಪ್ಪು ಸುರಿಯುತ್ತಾರಲ್ಲ, ಅದು ಆ ಸಂದಿಯಲ್ಲಿ ಸೇರಿ ತುಕ್ಕು ಹಿಡಿಸುತ್ತದೆ. ಒಳಗಿನ ನಟ್ಟು ಬೋಲ್ಟಿನ ಜೊತೆಗೇ ತಿರುಗಲು ಶುರು ಮಾಡಿದರೆ ಕೆಲಸ ದಿನಗಟ್ಟಲೆ ಎಳೆಯುತ್ತದೆ. ನಿಮ್ಮದು ಸುಲಭವಾಗಿ ಬಿಚ್ಚಿದ್ದರೆ ಗಾಡಿ ಒಣ ಊರಿನಲ್ಲಿ ಬಾಳಿದೆ ಅಂತ ಅರ್ಥ, ಖುಷಿಪಡಿ. ಇಲ್ಲದಿದ್ದರೆ ಸುತ್ತಲಿನ ತಗಡನ್ನು ಸ್ಕ್ರೂಡ್ರೈವರ್‌ನಿಂದ ಚುಚ್ಚಿ ನೋಡಿ. ತಗಡು ಬಿಟ್ಟುಕೊಟ್ಟರೆ ಸ್ಪ್ರಿಂಗ್ ವಿಷಯ ಬದಿಗಿಟ್ಟು ಮೊದಲು ಅದನ್ನು ವೆಲ್ಡ್ ಮಾಡಿಸಿ. ಶ್ಯಾಕಲ್ ಬೋಲ್ಟ್ ಜಾಮ್ ಆಗಿದೆ ಅಂತ ಗ್ಯಾಸ್ ಟಾರ್ಚ್ ಹಿಡಿಯಲೇಬೇಡಿ, ಪೆಟ್ರೋಲ್ ಟ್ಯಾಂಕ್ ಪಕ್ಕದಲ್ಲೇ ಇದೆ. ತುಕ್ಕು ಬಿಡಿಸುವ ಎಣ್ಣೆ ಹಿಂದಿನ ದಿನವೇ ಹೊಡೆದಿಡಿ. ಆಗಲೂ ಬಾರದಿದ್ದರೆ ಗರಗಸದಲ್ಲಿ ಕತ್ತರಿಸಿ.

ಬಾಡಿಯಿಂದ ಆಕ್ಸಲ್‌ಗೆ ಬರುವ ರಬ್ಬರ್ ಬ್ರೇಕ್ ಹೋಸ್ ಎಳೆದುಕೊಂಡಿದೆಯಾ ನೋಡಿ. ಶಾಕ್ ಬಿಚ್ಚಿ ಆಕ್ಸಲ್ ಪೂರ್ತಿ ಇಳಿಬಿಟ್ಟಾಗ ಭಾರ ಆ ಹೋಸ್ ಮೇಲೆ ಬಿದ್ದಿರುವ ಸಾಧ್ಯತೆ ಇದೆ. ಹಳೇ ಹೋಸ್ ಆಗಿದ್ದರೆ ಸುಮ್ನೆ ಬದಲಾಯಿಸಿಬಿಡಿ.

ಕೊನೆಗೆ ಪಿನಿಯನ್ ಕೋನ. ಆಕ್ಸಲ್ ಮೂತಿಯಲ್ಲಿರುವ ಗೇರ್ ಶಾಫ್ಟೇ ಪಿನಿಯನ್. ಪಟ್ಟಿಯ ಬಾಗು ಬದಲಾದರೆ ಆಕ್ಸಲ್ ಮೂತಿಯ ಓರೆಯೂ ಬದಲಾಗುತ್ತದೆ. ಒಂದು ವೇಗದಲ್ಲಿ ಸೀಟಿನ ಕೆಳಗೆ ಗುಂಯ್ ಅನ್ನುವ ನಡುಕ ಬಂದರೆ ಅನುಮಾನ ಇದರ ಮೇಲೆ ಇರಲಿ. ಆಂಗಲ್ ಗೇಜ್ ಇಟ್ಟು ಗೇರ್‌ಬಾಕ್ಸ್ ಹಿಂತುದಿ, ಪ್ರೊಪೆಲ್ಲರ್ ಶಾಫ್ಟ್, ಪಿನಿಯನ್ ಮೂರನ್ನೂ ಅಳೆಯಿರಿ, ಗಾಡಿಯ ಭಾರ ಚಕ್ರದ ಮೇಲೆ ಇರುವಾಗಲೇ. ಎಳೆತಕ್ಕೆ ಮೂತಿ ಮೇಲೇಳುವ ಗಾಡಿ ಇದು. ಹಾಗಾಗಿ ನಿಂತಾಗ ಗೇರ್‌ಬಾಕ್ಸ್‌ನ ಗೆರೆಗೆ ಹೋಲಿಸಿದರೆ ಪಿನಿಯನ್ 1–2 ಡಿಗ್ರಿ ಕೆಳಮುಖವಾಗಿದ್ದರೆ ಒಳ್ಳೆಯದು. ಮೂತಿ ಮೇಲಿದ್ದರೆ ಪೀಠಕ್ಕೂ ಸ್ಪ್ರಿಂಗ್‌ಗೂ ನಡುವೆ ಉಕ್ಕಿನ ಬೆಣೆ ಇಡಬಹುದು, ದಪ್ಪ ತುದಿ ಹಿಂದಕ್ಕೆ ಬರುವಂತೆ. ಅಲ್ಯೂಮಿನಿಯಂ ಬೆಣೆ ಅಗ್ಗ, ಆದರೆ ನಜ್ಜುಗುಜ್ಜಾಗಿ ಬೋಲ್ಟ್ ಸಡಿಲವಾಗುತ್ತದೆ.

ಮೊದಲು ಬುಷ್ ಸಡಿಲಿಸಿ ಬಿಗಿ ಮಾಡಿ, 100 ಮೈಲಿ ಓಡಿಸಿ, ಕೆಳಗಿನ ಪ್ಲೇಟಿನ ಬೋಲ್ಟುಗಳಿಗೆ ಮತ್ತೊಮ್ಮೆ ಟಾರ್ಕ್ ರೆಂಚ್ ಹಾಕಿ. ಆಮೇಲೆ ಚಕ್ರದ ನಡುವಿನಿಂದ ಫೆಂಡರ್‌ವರೆಗಿನ ಎರಡೂ ಕಡೆಯ ಅಳತೆ, ಸ್ಪ್ರಿಂಗ್‌ನ ಪಾರ್ಟ್ ನಂಬರ್, ಪಕ್ಕದಿಂದ ತೆಗೆದ ಶ್ಯಾಕಲ್ ಫೋಟೊ ಇಲ್ಲಿ ಹಾಕಿ. ಶ್ಯಾಕಲ್‌ನ ಕೆಳತುದಿ ಮುಂದಕ್ಕೆ ವಾಲಿದ್ದರೆ ಪಟ್ಟಿಯ ಬಾಗೇ ಜಾಸ್ತಿ, ಸೆಟ್ ವಾಪಸ್ ಮಾಡುವ ಮಾತಾಡೋಣ. ಸ್ವಲ್ಪ ಹಿಂದಕ್ಕೆ ವಾಲಿದ್ದರೆ ಸ್ಪ್ರಿಂಗ್ ಸರಿಯಾಗಿಯೇ ಇದೆ, ಇನ್ನೊಂದಿಷ್ಟು ಓಡಿಸಿ ನೋಡಿ.