ಹಳೆಯ 5.1 ಸ್ಪೀಕರ್ ಸೆಟ್ ಮಾರುವ ಮುನ್ನ

ಪ್ರಶ್ನೆ: ಕಂಪ್ಯೂಟರಿನಲ್ಲಿ ಗೇಮ್ ಆಡಲೆಂದು ಕೊಂಡಿದ್ದ ಲಾಜಿಟೆಕ್ ಝಡ್906 ಸ್ಪೀಕರ್ ಸೆಟ್ಟನ್ನು (5.1, ಅಂದರೆ ಐದು ಚಿಕ್ಕ ಸ್ಪೀಕರ್, ಒಂದು ಸಬ್‌ವೂಫರ್) ಮನೆ ಬದಲಾಯಿಸುತ್ತಿರುವ ಕಾರಣ ಮಾರಬೇಕೆಂದಿದ್ದೇನೆ. ಒಬ್ಬರು ತಗ್ಗು ದನಿ ನುಡಿಸುವ ದೊಡ್ಡ ಪೆಟ್ಟಿಗೆಯಾದ ಸಬ್‌ವೂಫರ್ ಮಾತ್ರ ಸಾಕೆನ್ನುತ್ತಾರೆ. ಇನ್ನೊಬ್ಬರು ಸೆಟ್ಟನ್ನು ನೋಡದೆಯೇ ಮುಂಗಡ ಕೊಡುತ್ತೇನೆ, ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿ ಎನ್ನುತ್ತಾರೆ. ಏನು ಮಾಡಲಿ?
– ಒಬ್ಬ ಓದುಗರು, ಮೈಸೂರು

ಉತ್ತರ: ಬಿಡಿಯಾಗಿ ಮಾರುವ ಯೋಚನೆಯನ್ನು ಕೈಬಿಡಿ. ಐದೂ ಚಿಕ್ಕ ಸ್ಪೀಕರುಗಳಿಗೆ ಬೇಕಾದ ಆಂಪ್ಲಿಫೈಯರ್ ಸಬ್‌ವೂಫರ್ ಪೆಟ್ಟಿಗೆಯೊಳಗೇ ಇದೆ. ಒಟ್ಟು 500 ವ್ಯಾಟ್‌ನಲ್ಲಿ 165 ಸಬ್‌ವೂಫರಿಗೆ, ಉಳಿದದ್ದು ತಲಾ 67ರಂತೆ ಆ ಐದಕ್ಕೆ ಹಂಚಿಕೆಯಾಗುತ್ತದೆ. ಗುಂಡಿಗಳಿರುವ ಕನ್ಸೋಲ್ ಇಲ್ಲದಿದ್ದರೆ ಸೆಟ್ ಆನ್ ಆಗುವುದೇ ಇಲ್ಲ. ಮನೆ ಸಾಗಿಸುವ ಗಡಿಬಿಡಿಯಲ್ಲಿ ಎಲ್ಲೋ ಸೇರಿಹೋಗುವ ವಸ್ತುವೂ ಅದೇ ಆದ್ದರಿಂದ, ಅದನ್ನು ಸಬ್‌ವೂಫರಿನ ಜೊತೆಗೇ ಕಟ್ಟಿಡಿ.

ಸೆಟ್ಟನ್ನು ಬಿಚ್ಚುವ ಮೊದಲೇ ಕೊಳ್ಳುವವರನ್ನು ಮನೆಗೆ ಕರೆದು ಕೇಳಿಸುವುದು ಒಳ್ಳೆಯದು. ಹಾಡು ಹಾಕಿ ತೋರಿಸಿದರೆ ಸಾಲದು, ಏಕೆಂದರೆ ಹೆಚ್ಚಿನ ಹಾಡುಗಳು ಎರಡೇ ಚಾನೆಲ್‌ನವು, ಅಂದರೆ ಎಡ ಮತ್ತು ಬಲದ ಎರಡೇ ಧ್ವನಿಗಳವು. ಹಸಿರು, ಕಪ್ಪು, ಕಿತ್ತಳೆ ಬಣ್ಣದ ಮೂರೂ ಪಿನ್ನುಗಳನ್ನು ಕಂಪ್ಯೂಟರಿಗೆ ಜೋಡಿಸಿ, ವಿಂಡೋಸ್‌ನ ಸೌಂಡ್ ಸೆಟ್ಟಿಂಗಿನಲ್ಲಿ 5.1 ಆಯ್ದು ಟೆಸ್ಟ್ ಒತ್ತಿದರೆ ಒಂದೊಂದೇ ಸ್ಪೀಕರ್ ಸರದಿಯಂತೆ ಸದ್ದು ಮಾಡುತ್ತದೆ. ಯಾವುದು ಸತ್ತಿದೆ ಎಂಬುದು ಅಲ್ಲೇ ತಿಳಿಯುತ್ತದೆ. ಬಳಿಕ ಏನನ್ನೂ ನುಡಿಸದೆ ವಾಲ್ಯೂಮ್ ಏರಿಸಿ, ಸಬ್‌ವೂಫರಿನಿಂದ ಗುಂಯ್‌ಗುಡುವ ಸದ್ದು ಬರುತ್ತಿದ್ದರೆ ಅದನ್ನು ನೀವಾಗಿಯೇ ಹೇಳಿಬಿಡಿ.

ಕೊಳ್ಳುವವರಿಗೆ ಇನ್ನೂ ಒಂದು ಮಾತು ತಿಳಿಸಬೇಕು. ಇದರಲ್ಲಿ ಎಚ್‌ಡಿಎಂಐ ಇಲ್ಲ. ಬೆಳಕಿನ ಮೂಲಕ ಧ್ವನಿ ಸಾಗಿಸುವ ಆಪ್ಟಿಕಲ್ ಕೇಬಲ್ ಜೋಡಿಸಿ ಡಾಲ್ಬಿ ಅಥವಾ ಡಿಟಿಎಸ್ ಮಾದರಿಯ ಧ್ವನಿ ಇರುವ ಸಿನಿಮಾ ನೋಡಿದರೆ ಆರೂ ಚಾನೆಲ್ ಸಿಗುತ್ತವೆ, ಆದರೆ ಕಂಪ್ಯೂಟರ್ ಗೇಮಿನ ಧ್ವನಿಯನ್ನು ಸೌಂಡ್ ಕಾರ್ಡ್ ಡಾಲ್ಬಿ ಡಿಜಿಟಲ್ ಲೈವ್‌ನಂಥ ಸೌಲಭ್ಯದಿಂದ ಪರಿವರ್ತಿಸಿ ಕಳಿಸದಿದ್ದರೆ ಎರಡೇ ಚಾನೆಲ್ ದಕ್ಕುತ್ತದೆ. ಇದನ್ನು ಹೇಳದೆ ಮಾರಿದರೆ, ಹಿಂದಿನ ಸ್ಪೀಕರ್ ಕೆಟ್ಟಿದೆಯೆಂದು ಮರುದಿನವೇ ಫೋನ್ ಬರುತ್ತದೆ.

ಬೆಲೆ ನಿಗದಿಗೆ ನೀವು ಅಂದು ಕೊಟ್ಟ ಹಣವನ್ನಲ್ಲ, ಇಂದಿನ ಹೊಸ ಸೆಟ್ಟಿನ ಬೆಲೆಯನ್ನು ಆಧಾರವಾಗಿಟ್ಟುಕೊಳ್ಳಿ. ವಾರಂಟಿ ಮುಗಿದಿದ್ದರೆ ಆ ಬೆಲೆಯ ಅರ್ಧವನ್ನು ಮೀರಿ ಕೇಳುವುದು ನನ್ನ ಲೆಕ್ಕದಲ್ಲಿ ದುರಾಸೆ.

ಕ್ಯೂಆರ್ ಕೋಡ್ ಕಳಿಸುವವರ ಜೊತೆ ಮಾತು ಮುಂದುವರಿಸಬೇಡಿ. ಯುಪಿಐನಲ್ಲಿ ಹಣ ಪಡೆಯಲು ಸ್ಕ್ಯಾನ್ ಮಾಡುವುದಾಗಲಿ, ಪಿನ್ ಒತ್ತುವುದಾಗಲಿ ಬೇಕಿಲ್ಲ. ಪಿನ್ ಒತ್ತಿದರೆ ಹಣ ಹೋಗುವುದು ನಿಮ್ಮ ಖಾತೆಯಿಂದಲೇ. ಈಗಾಗಲೇ ಹೋಗಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ ದೂರು ಕೊಡಿ.